ಮನೆಯಲ್ಲಿ ಆಡುವ ಭಾಷೆ

ಬಂಗಾರೆವ್ವನ ಬಗ್ಗೆ ಬರೆಯಲು ನನಗೆ ಅಧಿಕಾರವಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಆಕೆಗೆ ನೆಂಟಳಲ್ಲ, ಒಂದೇ ಊರಿನವಳೂ ಅಲ್ಲ. ಆಕೆಯದು ಹುಬ್ಬಳ್ಳಿ, ನನ್ನದು ಮೈಸೂರು. ಕಡಲಾಚೆಯ ಹೇವರ್ಡ್ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಆಕೆಯ ಮಗನ ಮನೆ ಕೆಳಗೆ, ನಮ್ಮದು ಮೇಲೆ. ಒಟ್ಟು ಆರು ತಿಂಗಳ ಪರಿಚಯ. ಆ ಆರು ತಿಂಗಳಲ್ಲಿ ಆಕೆಯ ಬಾಯಿ ಮುಚ್ಚಿಸಿದವಳು ನಾನು. ಆದ್ದರಿಂದ ಬರೆಯಬೇಕಾದವಳೂ ನಾನೇ ಅನ್ನಿಸುತ್ತದೆ.

ನನ್ನ ಹೆಸರು ಪದ್ಮಜಾ. ಇಲ್ಲಿನ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಯಾವ ಫಾರ್ಮು ಕೊಟ್ಟರೂ ತುಂಬಿ ಕೊಡುತ್ತೇನೆ ಎಂದು ನಮ್ಮ ಕಡೆಯವರಲ್ಲಿ ನನಗೊಂದು ಹೆಸರಿದೆ. ಹೊಸದಾಗಿ ಬಂದವರಿಗೆ ಸ್ಕೂಲಿನ ಅರ್ಜಿ, ಇನ್ಶೂರೆನ್ಸಿನ ಅರ್ಜಿ, ಲೈಸೆನ್ಸಿನ ಅರ್ಜಿ, ಎಲ್ಲಕ್ಕೂ ನಾನೇ. ನನ್ನ ಗಂಡ ವ್ಯಾಸರಾಜ, ನಿನಗೆ ಗೊತ್ತಿಲ್ಲ ಅನ್ನೋ ಒಂದು ಮಾತು ಮಾತ್ರ ಬರಲ್ಲ ನೋಡು ಎಂದು ಆಗಾಗ ಹಂಗಿಸುತ್ತಾರೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಜನವರಿಯಲ್ಲಿ ಬಂಗಾರೆವ್ವ ಬಂದಳು. ಬಂದ ಮೂರನೆಯ ದಿನವೇ ಮೆಟ್ಟಿಲು ಹತ್ತಿ ನಮ್ಮ ಬಾಗಿಲು ತಟ್ಟಿದಳು. ಇಲಕಲ್ ಸೀರೆ, ಮೇಲೆ ಮಗನ ಕಂಪನಿಯ ಹೆಸರಿದ್ದ ದೊಗಳೆ ಜಾಕೆಟ್ಟು, ಕೈಯಲ್ಲಿ ಮುಚ್ಚಿದ ತಟ್ಟೆ. ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ನಾನು ಒಳಗೆ ಕರೆಯುವ ಮೊದಲೇ ಕೂತು, ಮಾತು ಶುರು ಮಾಡಿ, ಎರಡು ಗಂಟೆ ಹೊತ್ತು ಏಳಲಿಲ್ಲ. ಇಷ್ಟು ಮಾತಾಡುವ ಹೆಂಗಸನ್ನು ನಾನು ಮೂವತ್ತು ವರ್ಷದಿಂದ ಕಂಡಿರಲಿಲ್ಲ. ಆಕೆ ಹೋದ ಮೇಲೆ ನನ್ನ ಗಂಡ, ಅಂತೂ ನಿನಗೆ ಸರಿಜೋಡಿ ಸಿಕ್ಕಿದಳು ಎಂದರು.

ಆಕೆಯ ಜೀವನವನ್ನೆಲ್ಲ ನಾನು ಆ ಮೊದಲ ಒಂದೂವರೆ ತಿಂಗಳಲ್ಲೇ ಕೇಳಿದ್ದು. ಗಂಡ ತೀರಿಕೊಂಡಾಗ ಮಗ ಶಿವಶರಣನಿಗೆ ಒಂಬತ್ತು ವರ್ಷ. ಆಕೆ ಮತ್ತು ಆಕೆಯ ತಂಗಿ ಸೇರಿ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಹಾಕಿದರು. ಆರು ಮೇಜು, ಹೊರಗೆ ಒಂದು ಬೆಂಚು. ತಂಗಿ ರೊಟ್ಟಿ ಬಡಿಯುವವಳು, ಈಕೆ ನೀಡುವವಳು. ಬ್ಯಾಂಕಿನ ಗುಮಾಸ್ತರು, ಕಂಡಕ್ಟರುಗಳು, ಔಷಧಿ ಮಾರಲು ಊರೂರು ತಿರುಗುವ ಹುಡುಗರು, ಎಲ್ಲರೂ ಬಂಗಾರೆವ್ವನ ಕೈಯ ಊಟ ಉಂಡವರೇ. ಆ ಖಾನಾವಳಿಗೆ ಒಂದು ನಿಯಮವಿತ್ತಂತೆ. ಅದನ್ನು ಆಕೆ ನನಗೆ ಕನಿಷ್ಠ ಐದು ಸಲ ಹೇಳಿದ್ದಾಳೆ.

"ಉಣ್ಣಾಕ ಬಂದವ್ರು ಸಾಕ್ ಅನ್ನೂಮಟಾ ನೀಡಬೇಕ್ರಿ ಅಕ್ಕಾರ. ಸಾಕ್ ಅಂದ್ರ ಸೌಟು ಹಿಂದಕ ತಗೀಬೇಕು. ಬಾಯಿ ಬಿಟ್ಟು ಹೇಳಿದ ಮಾತಿಗೆ ಬೆಲಿ ಇರಬೇಕಲ್ರಿ."

ನಮ್ಮ ಮೈಸೂರು ಕಡೆಯಿಂದ ಹೋದ ಹುಡುಗರು ಸಂಕೋಚಕ್ಕೆ ಬೇಗ ಸಾಕು ಎಂದುಬಿಟ್ಟು, ಆಮೇಲೆ ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಿದ್ದರಂತೆ. ಒತ್ತಾಯ ಮಾಡಲಿ ಎಂದು ಕಾಯುತ್ತಿದ್ದರಂತೆ. ಈಕೆ ಮಾಡುತ್ತಿರಲಿಲ್ಲ. ಹಳಬರು ಹಾಗಲ್ಲ, ಸಾಕಾದಾಗ ಎರಡು ಕೈಯನ್ನೂ ತಟ್ಟೆಯ ಮೇಲೆ ಹರವಿ, ಬಗ್ಗಿ, ತಟ್ಟೆಯನ್ನು ಮುಚ್ಚಿಕೊಂಡು ಸಾಕ್ರೀ ಯವ್ವಾ ಎನ್ನುತ್ತಿದ್ದರು. ಅದನ್ನು ಆಕೆ ನಮ್ಮ ಊಟದ ಮೇಜಿನ ಮೇಲೆ ಬಗ್ಗಿ ಮಾಡಿ ತೋರಿಸಿದಳು. ನಾವಿಬ್ಬರೂ ನಕ್ಕೆವು.

ಆಕೆಯ ಮೊಮ್ಮಗಳು ನೀಲಾ. ಆಗ ಅವಳಿಗೆ ಎರಡು ವರ್ಷ ಮೂರು ತಿಂಗಳು. ಶಿವಶರಣನಿಗೆ ಮೌಂಟನ್ ವ್ಯೂನಲ್ಲಿ ಕೆಲಸ, ಬೆಳಿಗ್ಗೆ ಏಳಕ್ಕೆ ಕಂಪನಿಯ ಶಟಲ್ ಬಸ್ಸು ಹತ್ತಿದರೆ ಮತ್ತೆ ಮನೆ ಕಾಣುವುದು ಸಂಜೆಯೇ. ಸೊಸೆ ಆರತಿ ಎಮರಿವಿಲ್‌ನ ಒಂದು ಆಫೀಸಿಗೆ ಹೋಗುತ್ತಾಳೆ. ನೀಲಾ ಚೆಂದದ ಮಗು, ಕಣ್ಣಿಟ್ಟು ನೋಡುತ್ತಿದ್ದಳು, ಆದರೆ ಮಾತಿಲ್ಲ. ಅಮ್ಮ ಅನ್ನುವುದಿಲ್ಲ, ಅಪ್ಪ ಅನ್ನುವುದಿಲ್ಲ. ಬೇಕಾದ್ದನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದಳು. ಡೇಕೇರಿನವರು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಹೇಳಿದ ಮೇಲೆ ಆರತಿಯ ನಿದ್ದೆ ಹಾರಿಹೋಯಿತು. ಮಗು ಮಾತಾಡಬೇಕು. ಆ ಮನೆಯಲ್ಲಿ ಅದೊಂದೇ ವಿಷಯ, ಬೇರೆ ಯಾವುದೂ ಇರಲಿಲ್ಲ.

ಬಂಗಾರೆವ್ವ ಮಾತ್ರ ಹೆದರಿರಲಿಲ್ಲ. ಡೇಕೇರ್ ಬಿಡಿಸಿ ಮಗುವನ್ನು ಇಡೀ ದಿನ ತಾನೇ ಇಟ್ಟುಕೊಂಡಳು. ಎಬ್ಬಿಸುವಾಗಿನಿಂದ ಮಲಗಿಸುವವರೆಗೆ ಅದರ ಜೊತೆ ಮಾತು. ನಾನು ಮೇಲಿನ ಮನೆಯಲ್ಲಿ ಕಿಟಕಿ ತೆಗೆದರೆ ಕೆಳಗಿನ ಪ್ರವಚನ ಪೂರಾ ಕೇಳುತ್ತಿತ್ತು. ನೀಲವ್ವಾ, ಕೈ ತಾ, ಬಾಯಿ ತಾ, ಇದು ಹಾಲು, ಇದು ಬೆಲ್ಲ, ಹೊರಗ ನೋಡು ಅಕಾ ಅಳಿಲು ಬಂತು. ಉಣಿಸುವಾಗ ಖಾನಾವಳಿಯ ಆಟ. ಈಕೆ ತುತ್ತು ಹಿಡಿದುಕೊಂಡು ಬರುವುದು, ಮಗು ಎರಡು ಕೈ ಹರವಿ ಬಟ್ಟಲ ಮೇಲೆ ಬಗ್ಗುವುದು, ಅದರ ಪರವಾಗಿ ಈಕೆಯೇ ಸಾಕ್ ಎಂದು ಸೋತವಳ ಹಾಗೆ ಕೈ ಹಿಂದಕ್ಕೆ ತೆಗೆಯುವುದು. ಮಗು ಕೇಕೆ ಹಾಕಿ ನಗುತ್ತಿತ್ತು. ಆ ನಗು ನನಗೆ ಚೆನ್ನಾಗಿ ನೆನಪಿದೆ.

ಫೆಬ್ರವರಿಯಲ್ಲಿ ಇಲ್ಲಿನ ಜಿಲ್ಲೆಯಂತಿರುವ ಕೌಂಟಿಯ ಮಕ್ಕಳ ಕೇಂದ್ರದವರು ಬಂದು ಮಗುವನ್ನು ನೋಡಿದರು. ಮೂರು ವರ್ಷ ತುಂಬುವವರೆಗೆ ಇಂಥ ಮಕ್ಕಳ ಚಿಕಿತ್ಸೆಗೆ ಸರ್ಕಾರದ ನೆರವಿದೆ, ಮಾತು ಕಲಿಸುವವರನ್ನು ನೀವೇ ಆರಿಸಿಕೊಳ್ಳಬಹುದು ಎಂದು ಮೂರು ಹೆಸರಿನ ಒಂದು ಪಟ್ಟಿ ಕೊಟ್ಟರು. ಜೊತೆಗೆ ಒಂದು ಫಾರ್ಮು. ಆರತಿ ಎರಡನ್ನೂ ಹಿಡಿದುಕೊಂಡು ನೇರ ಮೇಲೆ ಬಂದಳು. ಆಂಟಿ, ನಿಮಗ ಗೊತ್ತಿರ್ತದ, ನೀವಽ ನೋಡ್ರಿ ಎಂದಳು. ನನಗೆ ಎಲ್ಲಿಲ್ಲದ ಉತ್ಸಾಹ. ಕನ್ನಡಕ ಹಾಕಿಕೊಂಡು ಕೂತೆ.

ಮೊದಲನೆಯದು ಹತ್ತಿರದಲ್ಲೇ, ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ಆಚೆ ಇದ್ದ ಕ್ಲಿನಿಕ್ಕು, ಮುಂದಿನ ವಾರದಿಂದಲೇ ಶುರು ಮಾಡಬಹುದು. ಎರಡನೆಯದು ಮನೆಗೇ ಬಂದು ಕಲಿಸುವ ಒಬ್ಬ ಹೆಂಗಸು. ಆಕೆಯ ಹೆಸರಿನ ಮುಂದೆ, ಮನೆಯವರ ಭಾಷೆಯಲ್ಲೇ, ಮನೆಯವರನ್ನು ಜೊತೆಗೆ ಕೂರಿಸಿಕೊಂಡು ಎಂದು ಬರೆದಿತ್ತು. ಆದರೆ ನಾಲ್ಕು ತಿಂಗಳು ಕಾಯಬೇಕು. ಮೂರನೆಯದು ವಿಡಿಯೋದಲ್ಲಿ. ಎರಡು ವರ್ಷದ ಮಗು ವಿಡಿಯೋ ಮುಂದೆ ಕೂರುತ್ತದೆಯೇ ಎಂದು ಅದನ್ನು ಹೊಡೆದುಹಾಕಿದೆ. ಎರಡನೆಯದರ ಮೇಲೆ ಆರತಿ ಬೆರಳಿಟ್ಟಳು. ಇದು ಛಲೋ ಕಾಣ್ತದಲ್ಲಾ ಆಂಟಿ, ಅತ್ತಿ ಹೆಂಗೂ ಮನ್ಯಾಗ ಇರ್ತಾರ ಎಂದಳು. ನಾನು ನಕ್ಕೆ. ಕನ್ನಡದಲ್ಲಿ ಮಾತು ಕಲಿತು ಈ ಮಗು ಹೇವರ್ಡಿನಲ್ಲಿ ಯಾರ ಜೊತೆ ಮಾತಾಡುತ್ತದಮ್ಮಾ ಎಂದೆ. ನಾಲ್ಕು ತಿಂಗಳು ಸುಮ್ಮನೆ ಕೂತರೆ ಮೂರು ವರ್ಷ ಹತ್ತಿರ ಬಂದುಬಿಡುತ್ತದೆ ಎಂದು ಹೆದರಿಸಿದೆ. ಆರತಿ ಬೆರಳು ತೆಗೆದಳು.

ಆಮೇಲೆ ಫಾರ್ಮು. ಅದರಲ್ಲಿ ಒಂದು ಪ್ರಶ್ನೆ, ಮಗುವಿನ ಮನೆಯಲ್ಲಿ ಆಡುವ ಭಾಷೆ ಯಾವುದು. ಆರತಿ ಕನ್ನಡ ಎಂದು ಬರೆಯಲು ಹೊರಟಳು. ನಾನು ಪೆನ್ನು ಕಸಿದುಕೊಂಡೆ.

ಇದರ ಹಿಂದೆ ಒಂದು ಕಥೆ ಇದೆ. ಮೂವತ್ತು ವರ್ಷದ ಹಿಂದೆ ನನ್ನ ಮಗ ಅಭಿರಾಮನನ್ನು ಸ್ಕೂಲಿಗೆ ಸೇರಿಸುವಾಗ ಇದೇ ಪ್ರಶ್ನೆ ಇತ್ತು. ಕನ್ನಡ ಎಂದು ಬರೆದರೆ ಇಂಗ್ಲಿಷ್ ಬಾರದ ಮಕ್ಕಳ ಜೊತೆ ಬೇರೆ ಕೂರಿಸುತ್ತಾರೆ, ಇಂಗ್ಲಿಷ್ ಅಂತಲೇ ಬರೀರಿ ಎಂದು ಆಗಿನ ಹಿರಿಯರೊಬ್ಬರು ಹೇಳಿಕೊಟ್ಟರು. ಬರೆದೆ. ನಮ್ಮವರೆಲ್ಲ ಹಾಗೇ ಬರೆಯುತ್ತಿದ್ದರು, ಈಗಲೂ ಬರೆಯುತ್ತಾರೆ. ಬರೆದದ್ದು ಸುಳ್ಳಾಗಬಾರದು ಎಂದು ಮನೆಯಲ್ಲೂ ಇಂಗ್ಲಿಷ್ ಆಡಿದೆವು. ಅಭಿರಾಮ ಚೆನ್ನಾಗಿ ಓದಿದ, ಒಳ್ಳೆಯ ಕೆಲಸದಲ್ಲಿದ್ದಾನೆ, ಭಾನುವಾರ ಫೋನು ಮಾಡಿ ಏಳೆಂಟು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಅದು ಫಲ ಕೊಟ್ಟ ಉಪಾಯ ಎಂದೇ ನಾನು ತಿಳಿದಿದ್ದೆ.

ಆರತಿಗೆ ಇನ್ನೂ ಒಂದು ಮಾತು ಸೇರಿಸಿದೆ. ಮನೆಯಲ್ಲಿ ಎರಡು ಭಾಷೆ ಎಂದು ಗೊತ್ತಾದರೆ, ಇದು ತೊಂದರೆಯಲ್ಲ, ಬರೀ ಭಾಷೆಯ ಗೊಂದಲ ಎಂದು ಹೇಳಿ ಸೌಲಭ್ಯವನ್ನೇ ಕೊಡುವುದಿಲ್ಲ ಎಂದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎಲ್ಲೂ ಓದಿಯೂ ಇರಲಿಲ್ಲ. ಆ ಹೊತ್ತಿಗೆ ಹೊಳೆಯಿತು, ಗೊತ್ತಿದ್ದವಳ ಹಾಗೆ ಹೇಳಿದೆ. ಆರತಿ ಫಾರ್ಮನ್ನು ನನ್ನ ಕಡೆಗೆ ಸರಿಸಿದಳು. ಮನೆಯಲ್ಲಿ ಆಡುವ ಭಾಷೆ ಇಂಗ್ಲಿಷ್ ಎಂದು ನನ್ನ ಕೈಯಾರೆ ಬರೆದೆ.

ಬರೆದ ಮೇಲೆ ಮನೆಯಲ್ಲೂ ಇಂಗ್ಲಿಷೇ ಆಡಬೇಕಲ್ಲ, ಮಗನೂ ಸೊಸೆಯೂ ಬಂಗಾರೆವ್ವನಿಗೆ ಇದನ್ನು ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದರು. ಅದನ್ನೂ ನಾನೇ ವಹಿಸಿಕೊಂಡೆ. ಕೆಳಗೆ ಹೋಗಿ, ಸೋಫಾದಲ್ಲಿ ಪಕ್ಕಕ್ಕೆ ಕೂತು, ಇನ್ನು ಮೇಲೆ ಮಗುವಿನ ಮುಂದೆ ಕನ್ನಡ ಆಡಬಾರದು ಎಂದು ತಿಳಿಸಿ ಹೇಳಿದೆ. ಕಿವಿಗೆ ಒಂದೇ ಭಾಷೆ ಬೀಳಬೇಕು, ಇಲ್ಲದಿದ್ದರೆ ಸೌಲಭ್ಯ ಹೋಗುತ್ತದೆ, ಮಗು ಮೂಕಿಯಾಗಿ ಉಳಿಯುತ್ತದೆ ಎಂದೆ. ಅಷ್ಟು ಕಟುವಾಗಿ ಹೇಳಬೇಕಾಗಿರಲಿಲ್ಲ. ಬಂಗಾರೆವ್ವ ತೊಡೆಯ ಮೇಲೆ ಕೂತಿದ್ದ ನೀಲಾಳ ತಲೆ ಸವರುತ್ತ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ನನಗ ಬ್ಯಾರೆ ಮಾತು ಬರೂದಿಲ್ಲಲ್ರಿ ಅಕ್ಕಾರ. ಹಂಗಾರ ನಾ ಕೂಸಿನ ಕೂಡ ಮಾತಽ ಆಡಬಾರದೇನ್ರಿ?"

ಕೆಲವು ತಿಂಗಳು ಮಾತ್ರ ಎಂದೆ. ಆಯ್ತ್ರಿ ಎಂದಳು. ನಾನು ಆಕೆಗೆ ಇಪ್ಪತ್ತು ಇಂಗ್ಲಿಷ್ ಶಬ್ದ ಕಲಿಸಲು ಹೋದೆ. ಕಮ್, ಸಿಟ್, ಈಟ್, ಗುಡ್ ಗರ್ಲ್. ಎರಡು ದಿನ ಈಟ್ ಮಾಡವ್ವಾ, ಸಿಟ್ ಮಾಡವ್ವಾ ಎಂದು ಪ್ರಯತ್ನಿಸಿದಳು. ಮೂರನೆಯ ದಿನ ಅದನ್ನೂ ನಿಲ್ಲಿಸಿದಳು. ತನ್ನ ಬಾಯಲ್ಲಿ ಅದು ತಪ್ಪಾಗಿ ಬರುತ್ತದೆ, ತಪ್ಪು ಮಾತು ಕೇಳಿ ಮಗು ತಪ್ಪು ಕಲಿತರೆ ಎಂದು ಆಕೆಗೆ ಭಯ.

ಅಲ್ಲಿಂದ ಆ ಮನೆ ಸದ್ದಿಲ್ಲದಾಯಿತು. ನಾನು ಕಿಟಕಿ ತೆಗೆದರೆ ಪಾತ್ರೆಯ ಸದ್ದು, ನಲ್ಲಿಯ ಸದ್ದು, ಅಷ್ಟೇ. ಬಾಯಿಗೆ ಬಂದ ಮಾತು ತಡೆಯಲು ಬಂಗಾರೆವ್ವ ಒಂದು ದಾರಿ ಕಂಡುಕೊಂಡಿದ್ದಳು. ನೀಲವ್ವಾ ಎಂದು ನಾಲಿಗೆಯ ತುದಿಗೆ ಬಂದ ಕೂಡಲೇ ಅಂಗೈಯನ್ನು ತನ್ನ ಬಾಯಿಯ ಮೇಲೆ ಒತ್ತಿಕೊಳ್ಳುತ್ತಿದ್ದಳು. ಮಗು ಮೊದಮೊದಲು ಅದನ್ನು ಹೊಸ ಆಟ ಎಂದುಕೊಂಡು, ಎದುರಿಗೆ ನಿಂತು ತಾನೂ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಿತ್ತು. ಇಬ್ಬರೂ ಹಾಗೆ ಎದುರುಬದುರು ನಿಂತದ್ದನ್ನು ಒಂದು ದಿನ ನೋಡಿ ನಾನು ಫೋಟೋ ತೆಗೆದೆ. ಈಗ ಆ ಫೋಟೋ ತೆರೆಯಲು ಧೈರ್ಯ ಬರುವುದಿಲ್ಲ.

ಮಾರ್ಚ್ ನಡುವಿನಿಂದ ಮಂಗಳವಾರ, ಗುರುವಾರ ಕ್ಲಿನಿಕ್ಕು. ತಂದೆತಾಯಿಗೆ ಆಫೀಸು, ಆದ್ದರಿಂದ ಕಾರು ನಾನೇ ಓಡಿಸುತ್ತಿದ್ದೆ. ಕಲಿಸುವವಳು ಮೇಗನ್ ಎಂಬ ಚಿಕ್ಕ ವಯಸ್ಸಿನ ಹುಡುಗಿ, ಮಕ್ಕಳೆಂದರೆ ಪ್ರಾಣ. ಅವಳಲ್ಲಿ ತಪ್ಪು ಹುಡುಕಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಅವಳು ಮಗುವಿನ ಜೊತೆ ಒಳಗೆ ಕೂರುತ್ತಿದ್ದಳು, ನಾವು ಹೊರಗೆ. ನಡುವೆ ಒಂದು ಗಾಜಿನ ಕಿಟಕಿ, ಒಳಗಿನ ಮಾತು ಕೇಳುವಂತೆ ಒಂದು ಸ್ಪೀಕರು.

ಐದನೆಯದೋ ಆರನೆಯದೋ ದಿನ. ಮೇಗನ್ ಒಂದಾದ ಮೇಲೊಂದು ಆಟಿಕೆ ಮೇಜಿನ ಮೇಲೆ ಇಡುತ್ತಿದ್ದಳು. ಚೆಂಡು, ಲೋಟ, ಗೊಂಬೆಯ ಟೋಪಿ, ಗೊಂಬೆಯ ಕಾಲುಚೀಲ. ನೀಲಾ ದಣಿದಿದ್ದಳು. ಇದ್ದಕ್ಕಿದ್ದಂತೆ ಮೇಜಿನ ಮೇಲೆ ಬಗ್ಗಿ, ಎರಡೂ ಕೈ ಹರವಿ, ಸ್ಪಷ್ಟವಾಗಿ ಅಂದಳು, "ಸಾಕ್."

ಮೇಗನ್ ಕುಣಿದುಬಿಟ್ಟಳು. ಈ ದೇಶದವರು ಕಾಲುಚೀಲಕ್ಕೆ ಹೇಳುವುದು ಅದನ್ನೇ, ಅದೇ ಉಚ್ಚಾರದಲ್ಲಿ, ಸಾಕ್. ಯೆಸ್, ಸಾಕ್, ಸಾಕ್ ಎನ್ನುತ್ತ ಗೊಂಬೆಯ ಕಾಲುಚೀಲ ಎತ್ತಿ ಮಗುವಿನ ಕೈಯಲ್ಲಿಟ್ಟಳು. ಮಗು ಅದನ್ನು ಎಸೆದು ಮತ್ತೆ ಸಾಕ್ ಎಂದಿತು. ಇನ್ನೊಂದು ಕೊಟ್ಟಳು. ನಾನು ಹೊರಗೆ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಕಣ್ಣಲ್ಲಿ ನೀರು ಬಂತು. ಬಂಗಾರೆವ್ವನ ಭುಜ ಅಲುಗಿಸಿ, ಮಾತು ಬಂತು ಕಣ್ರೀ, ಕಾಲುಚೀಲ ಅಂತ ಇಂಗ್ಲಿಷಲ್ಲಿ ಅಂದಳು ಎಂದೆ. ನನ್ನ ಕಿವಿ ಮೈಸೂರಿನ ಕಿವಿಯೇ. ಸಾಕು ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದೆ. ಆದರೂ ಆ ಮಗುವಿನ ಭಾಷೆ ಇಂಗ್ಲಿಷ್ ಎಂದು ನಾನೇ ಬರೆದುಕೊಟ್ಟಿದ್ದೆನಲ್ಲ, ನನಗೆ ಇಂಗ್ಲಿಷ್ ಕೇಳಿಸಿತು.

ಬಂಗಾರೆವ್ವ ಎದ್ದು ಗಾಜಿಗೆ ಮುಖ ಹಚ್ಚಿ ನಿಂತಿದ್ದಳು. ಒಂದು ಕೈ ಗಾಜಿನ ಮೇಲಿತ್ತು. ಏನೋ ಹೇಳಲು ನನ್ನ ಕಡೆ ತಿರುಗಿದಳು. ನಾನು ಆಗಲೇ ಆರತಿಗೆ ಫೋನು ಹಚ್ಚಿದ್ದೆ. ಆಕೆ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ನಾನು ತಿಳಿದೆ.

ಆ ಸಂಜೆ ಶಿವಶರಣ ಕೇಕು ತಂದ. ಆರತಿ ಬಣ್ಣಬಣ್ಣದ ಒಂದು ಡಜನ್ ಪುಟ್ಟ ಕಾಲುಚೀಲ ತಂದಳು. ಎಲ್ಲರೂ ಸುತ್ತ ಕೂತು ಒಂದೊಂದೇ ಎತ್ತಿ ತೋರಿಸಿ ಸಾಕ್, ಸಾಕ್ ಎಂದು ಹೇಳಿಸಿದೆವು. ಮಗು ಎರಡು ಸಲ ಹೇಳಿ, ಕೈ ಹರವಿ ನೆಲದ ಮೇಲೆ ಬಗ್ಗಿತು. ನಾವು ಇನ್ನೊಂದು ಜೊತೆ ತೋರಿಸಿದೆವು. ಮಗು ತಲೆ ಎತ್ತಿ ಅಜ್ಜಿಯನ್ನು ಹುಡುಕಿತು. ಅಜ್ಜಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ತಟ್ಟೆ ತೊಳೆಯುತ್ತಿದ್ದಾಳೆ ಎಂದುಕೊಂಡೆ.

ಕ್ಲಿನಿಕ್ಕಿನಲ್ಲೂ ಅದೇ ನಡೆಯಿತು. ಬಂದ ಒಂದು ಶಬ್ದವನ್ನು ಗಟ್ಟಿ ಮಾಡಬೇಕೆಂದು ಮೇಗನ್ ಕಾಲುಚೀಲದ ಒಂದು ಪೆಟ್ಟಿಗೆಯನ್ನೇ ಮಾಡಿದಳು. ಮಗು ಸಾಕ್ ಎಂದಷ್ಟೂ ಕಾಲುಚೀಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಸಾಕ್ ಎನ್ನುವುದು ಕಡಿಮೆಯಾಯಿತು. ಮೇ ತಿಂಗಳಲ್ಲಿ ನಿಂತೇಹೋಯಿತು. ಆಮೇಲೆ ನೀಲಾ ಆ ಕೋಣೆಗೆ ಹೋಗುವುದೇ ಇಲ್ಲ ಎಂದು ಬಾಗಿಲಲ್ಲಿ ಕೂರತೊಡಗಿದಳು. ಮೊದಲೆಲ್ಲ ಸುಮ್ಮಸುಮ್ಮನೆ ಏನೇನೋ ಸದ್ದು ಮಾಡುತ್ತಿದ್ದಳು, ಅದೂ ಇಲ್ಲ. ಜೂನ್ ಕೊನೆಯ ವರದಿಯಲ್ಲಿ ಮೇಗನ್, ಕಲಿತ ಒಂದು ಶಬ್ದವನ್ನೂ ಮಗು ಕಳೆದುಕೊಂಡಿದೆ, ದೊಡ್ಡ ತಜ್ಞರಿಗೆ ತೋರಿಸುವುದು ಒಳ್ಳೆಯದು ಎಂದು ಬರೆದಳು. ಆ ಕಾಗದವನ್ನು ನಾನು ಕ್ಲಿನಿಕ್ಕಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಲ್ಲಿ ಕೂತು ಓದಿದೆ. ನೀಲಾ ಹಿಂದೆ ತನ್ನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಬಂಗಾರೆವ್ವ ಪಕ್ಕದಲ್ಲಿ ಕೂತು ಏನು ಬರದಾರ್ರಿ ಎಂದು ಕೇಳಿದಳು. ಬಂದ ಮಾತೂ ಹೋಯಿತಂತೆ ಎಂದೆ.

"ಅಕ್ಕಾರ, ಅಕಿ ಅಂದಿದ್ದು ಕಾಲಚೀಲ ಅಲ್ರಿ."

ಮತ್ತೇನು ಎಂದೆ.

"ಸಾಕ್ ಅಂದಿತ್ರಿ ಕೂಸು. ಸಾಕು, ಇನ್ನ ಬ್ಯಾಡ ಅಂತ. ಎರಡೂ ಕೈ ಹರವಿ ಬಗ್ಗತಿತ್ತಲ್ರಿ, ಉಣಸೂ ಮುಂದ ನಾ ಕಲಿಸಿದ್ದದು. ನನ್ನ ಮುಂದ ಕೈ ಹರವಿದ್ರ ನಾ ತುತ್ತು ಹಿಂದಕ ತಗೀತಿದ್ದೆ. ಇಲ್ಲಿ ಸಾಕ್ ಅಂದಷ್ಟೂ ಮತ್ತ ಮತ್ತ ತಂದು ಸುರುವಿದ್ರು. ಮಾತಿಗೆ ಬೆಲಿ ಇಲ್ಲ ಅಂತ ಗೊತ್ತಾತು, ಬಿಟ್ಟಬಿಡ್ತು."

ಮೊದಲ ದಿನವೇ ನಿಮಗೆ ಗೊತ್ತಾಯಿತಾ ಎಂದು ಕೇಳಿದೆ. ಹೌದ್ರಿ ಎಂದಳು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

"ಕನ್ನಡ ಐತಿ ಅಂತ ಗೊತ್ತಾದ್ರ ಸವಲತ್ತು ತಗದಬಿಡ್ತಾರ ಅಂತ ನೀವಽ ಹೇಳಿದ್ರಲ್ರಿ. ಅದೂ ಅಲ್ದ ನೀವೆಲ್ಲಾ ಕಲತಾವ್ರು, ಕೂಡಿ ಖುಷಿ ಪಟ್ರಿ. ನನ್ನ ಕಿವಿನಽ ಸುಳ್ಳಿರಬೇಕು ಅಂದ್ಕೊಂಡೆ."

ಇಷ್ಟು ಹೇಳಿ ಹಿಂದೆ ಮಲಗಿದ್ದ ಮಗುವನ್ನು ನೋಡಿದಳು, ತಾನು ಕನ್ನಡ ಆಡಿದ್ದು ಅದಕ್ಕೆ ಕೇಳಿತೇ ಎಂದು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅರವತ್ತೆಂಟು ವರ್ಷದ ನಾನು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ. ಅಳುವ ಹಕ್ಕು ನನಗಿರಲಿಲ್ಲ.

ಆ ಸಂಜೆ ಮಗ ಸೊಸೆಯರ ಮುಂದೆ ಎಲ್ಲ ಹೇಳಿದೆ. ನನ್ನ ಸುಳ್ಳನ್ನೂ ಹೇಳಿದೆ. ಶಿವಶರಣ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮರುದಿನ ಕೇಂದ್ರಕ್ಕೆ ಫೋನು ಮಾಡಿದೆವು. ಅತ್ತ ಕಡೆಯ ಹುಡುಗಿ ಕೇಳಿಸಿಕೊಂಡು, ಸರಿ, ತಿದ್ದುತ್ತೇನೆ, ಆ ಭಾಷೆಯ ಹೆಸರಿನ ಅಕ್ಷರ ಹೇಳಿ ಎಂದಳು. ಶಿವಶರಣ ಒಂದೊಂದೇ ಅಕ್ಷರ ಹೇಳಿದ. ಅರ್ಧ ನಿಮಿಷದ ಕೆಲಸ. ಸೌಲಭ್ಯ ಹೋಗುತ್ತದೆಯೇ ಎಂದು ನಾನು ಮಧ್ಯೆ ಬಾಯಿ ಹಾಕಿ ಕೇಳಿದೆ. ಯಾಕೆ ಹೋಗುತ್ತದೆ ಎಂದು ಅವಳಿಗೆ ಅರ್ಥವೇ ಆಗಲಿಲ್ಲ. ಮೊದಲೇ ತಿಳಿದಿದ್ದರೆ ದುಭಾಷಿಯನ್ನು ಕೊಡುತ್ತಿದ್ದೆವು, ಅದೂ ಉಚಿತ ಎಂದಳು. ಮೇಗನ್‌ಗೂ ಹೇಳಿದೆವು. ಅವಳು ಅತ್ತುಬಿಟ್ಟಳು.

ಪಟ್ಟಿಯ ಎರಡನೆಯ ಹೆಂಗಸಿಗೆ ಕೇಂದ್ರದವರೇ ಹೇಳಿದರು. ಆಕೆಗೆ ಬಿಡುವಾದದ್ದು ಸರಿಯಾಗಿ ಆಗಲೇ, ಜುಲೈಯಲ್ಲಿ. ಫೋನಿನಲ್ಲಿ ಮಾತಾಡಿದಾಗ ಆಕೆ ಕೇಳಿದ್ದು ಒಂದೇ. ಮಗುವಿನ ಜೊತೆ ಮನೆಯ ಭಾಷೆಯನ್ನು ಅತಿ ಹೆಚ್ಚು ಆಡುವವರು ಯಾರೋ ಅವರು ನನ್ನ ಜೊತೆ ಕೂರಬೇಕು, ಕಲಿಸುವವರು ಅವರೇ, ನಾನು ಪಕ್ಕದಲ್ಲಿ ಇರುತ್ತೇನೆ ಅಷ್ಟೇ ಎಂದಳು. ಬರುವುದು ಹದಿನಾಲ್ಕನೇ ತಾರೀಖು ಸೋಮವಾರ. ಬಂಗಾರೆವ್ವನ ಟಿಕೆಟ್ಟು ಹನ್ನೆರಡಕ್ಕೆ. ಆರು ತಿಂಗಳ ವೀಸಾ ಅವಧಿ ಅಲ್ಲಿಗೆ ಮುಗಿಯುತ್ತಿತ್ತು. ಮುಂದುವರಿಸಲು ಅರ್ಜಿ ಹಾಕಬಹುದಿತ್ತು. ಆದರೆ ಶಿವಶರಣನ ಸ್ವಂತ ವೀಸಾ ಕಾಗದಪತ್ರಗಳೇ ನವೀಕರಣಕ್ಕೆ ಹೋಗಿದ್ದವು, ಇಂಥ ಹೊತ್ತಿನಲ್ಲಿ ಇನ್ನೊಂದು ಅರ್ಜಿ ಎಬ್ಬಿಸಬೇಡಿ ಎಂದು ವಕೀಲ ಹೇಳಿದ. ಶಿವಶರಣ ಎರಡು ದಿನ ಯೋಚಿಸಿದ. ಕೊನೆಗೆ ಬಂಗಾರೆವ್ವನೇ, ಬ್ಯಾಡೋ ಯಪ್ಪಾ, ಹೋಗ್ತೀನಿ ಎಂದಳು. ಆ ಫಾರ್ಮು ನಾನು ತುಂಬಿಕೊಡುತ್ತೇನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಶನಿವಾರ ಏರ್‌ಪೋರ್ಟಿಗೆ ನಾನೂ ಹೋದೆ. ಚೀಲಗಳನ್ನೆಲ್ಲ ಒಪ್ಪಿಸಿ, ಒಳಗೆ ಹೋಗುವ ಸಾಲಿನ ಮುಂದೆ ಒಂದು ಬೆಂಚಿನ ಮೇಲೆ ಕೂತೆವು. ಬಂಗಾರೆವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಈಗ ಆಕೆಗೆ ಅಪ್ಪಣೆ ಇತ್ತು, ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಮಗುವಿನ ಮುಖ ಎರಡು ಕೈಯಲ್ಲಿ ಹಿಡಿದು, ನೀಲವ್ವಾ, ಅಜ್ಜಿ ಊರಿಗೆ ಹೊಂಟಾಳ ನೋಡು ಎಂದು ಶುರು ಮಾಡಿದಳು.

ನೀಲಾ ಪುಟ್ಟ ಅಂಗೈ ಎತ್ತಿ ಅಜ್ಜಿಯ ಬಾಯಿಯ ಮೇಲಿಟ್ಟಳು.

ಬಂಗಾರೆವ್ವ ಕೈ ಸರಿಸಿ ಮತ್ತೆ ಮಾತಾಡಲು ಹೋದಳು. ಮಗು ಎರಡೂ ಕೈ ತಂದು ಒತ್ತಿ ಹಿಡಿಯಿತು. ಸಿಟ್ಟಿಲ್ಲ, ಆಟವಿಲ್ಲ. ಅಜ್ಜಿ ಮರೆತಿದ್ದಾಳೆ, ನೆನಪಿಸಬೇಕು ಎನ್ನುವ ಹಾಗಿತ್ತು. ನಾನು ಆರತಿಯ ಮುಖ ನೋಡಿದೆ. ವಾರದಿಂದ ಹಿಂಗಽ ಮಾಡಾಕತ್ತಾಳ ಆಂಟಿ, ಅತ್ತಿ ಬಾಯಿ ತೆರೆದ್ರ ಓಡಿ ಬಂದು ಕೈ ಇಡ್ತಾಳ ಎಂದು ಅವಳು ಮೆಲ್ಲಗೆ ಹೇಳಿದಳು. ನಾಲ್ಕು ತಿಂಗಳು ನಾವು ಆ ಮಗುವಿಗೆ ಮಾತು ಕಲಿಸಲು ಹೋದೆವು, ಅದು ಕಲಿತದ್ದು ಇದೊಂದನ್ನು.

ಬಂಗಾರೆವ್ವ ಆ ಎರಡು ಅಂಗೈಗಳ ಹಿಂದಿನಿಂದಲೇ ಮಾತಾಡಿದಳು. ಮಾತು ಒಡೆದು ಒಡೆದು ಬಂತು.

"ಸಾಕ್ ಅನ್ನು ನನ್ನವ್ವಾ. ಒಮ್ಮಿ ಬಾಯಿ ಬಿಟ್ಟು ಸಾಕ್ ಅನ್ನು. ನಾ ಸುಮ್ನ ಆಗ್ತೀನಿ."

ಮಗು ಅನ್ನಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಸಾಲು ಮುಂದೆ ಸರಿಯಿತು, ಶಿವಶರಣ ತಾಯಿಯ ತೋಳು ಹಿಡಿದು ಎಬ್ಬಿಸಿದ. ಬಂಗಾರೆವ್ವ ಆ ಅಂಗೈಗಳಿಗೆ ಮುತ್ತಿಟ್ಟು, ನನ್ನ ಕಡೆ ತಿರುಗಿ ಬರ್ತೀನ್ರಿ ಅಕ್ಕಾರ ಎಂದಳು. ತಪ್ಪು ಹೊರಿಸುವ ಒಂದು ನೋಟವೂ ಇಲ್ಲ. ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ಈಗ ಹುಬ್ಬಳ್ಳಿಯಲ್ಲಿ ತಂಗಿಯ ಜೊತೆ ಮತ್ತೆ ಖಾನಾವಳ್ಯಾಗ ನೀಡಾಕ ನಿಂತೀನಿ ಎಂದು ಫೋನಿನಲ್ಲಿ ಹೇಳುತ್ತಾಳೆ. ಮಗುವಿನ ವಿಷಯ ಬಂದರೆ, ಇಡ್ತೀನ್ರಿ ಎನ್ನುತ್ತಾಳೆ.

ಸೋಮವಾರ ಆ ಹೆಂಗಸು ಬಂದಳು. ನಡುವಯಸ್ಸಿನವಳು, ಬೂಟು ಕಳಚಿ ನೆಲದ ಮೇಲೆ ಕೂತಳು. ಕೈಯಲ್ಲಿ ತಿದ್ದಿದ ಕಾಗದವಿತ್ತು, ಮನೆಯಲ್ಲಿ ಆಡುವ ಭಾಷೆ ಕನ್ನಡ. ಅದನ್ನು ಆಡುವವರು ಯಾರು, ಬನ್ನಿ ಎಂದು ನಗುತ್ತ ಕರೆದಳು. ಆರತಿ ಶಿವಶರಣನನ್ನು ನೋಡಿದಳು. ನಾಲ್ಕು ತಿಂಗಳಲ್ಲಿ ಮಗುವಿನ ಮುಂದೆ ಬಾಯಿಗೆ ಇಂಗ್ಲಿಷೇ ಬರುವಷ್ಟು ಅವರಿಗೆ ಅಭ್ಯಾಸವಾಗಿತ್ತು. ಕೊನೆಗೆ ನಾನೇ ಹೋಗಿ ಎದುರಿಗೆ ಕೂತು, ಬಾ ಪುಟ್ಟಿ ಎಂದೆ.

ನೀಲಾ ಬಂದು ನನ್ನ ಬಾಯನ್ನೇ ನೋಡುತ್ತ ನಿಂತಳು. ಕೈ ಇಡುತ್ತಾಳೆ ಎಂದು ನಾನು ಕಾದೆ. ಇಡಲಿಲ್ಲ. ನನ್ನ ಬಾಯಿ ಮುಚ್ಚಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.